ದೇವರ ಹೆಸರು ಹೇಳದೆ ಒಳ್ಳೇದು ಕೆಟ್ಟದ್ದು ತೀರ್ಮಾನ ಮಾಡೋದು ಹೇಗೆ

ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ಮೂಲಭೂತ ಕರ್ತವ್ಯಗಳ ಪಟ್ಟಿ ಇದೆಯಲ್ಲ, ಧ್ವಜಕ್ಕೆ ಗೌರವ ಕೊಡಬೇಕು, ಸಾರ್ವಜನಿಕ ಆಸ್ತಿ ಕಾಪಾಡಬೇಕು ಅಂತೆಲ್ಲ ಸ್ಕೂಲಲ್ಲಿ ಬಾಯಿಪಾಠ ಮಾಡಿರ್ತೀವಿ. ಅದರಲ್ಲೇ ಒಂದು ಉಪವಿಧಿ ಇದೆ, ವೈಜ್ಞಾನಿಕ ಮನೋಭಾವ, ಮಾನವತಾವಾದ, ಪ್ರಶ್ನಿಸುವ ಮತ್ತು ಸುಧಾರಿಸುವ ಮನೋಧರ್ಮ ಇವನ್ನ ಬೆಳೆಸಿಕೊಳ್ಳೋದು ಪ್ರತಿಯೊಬ್ಬ ಭಾರತೀಯನ ಕರ್ತವ್ಯ ಅಂತ. 1976ರಲ್ಲಿ, ಎಮರ್ಜೆನ್ಸಿ ನಡೀತಿರೋವಾಗ, 42ನೇ ತಿದ್ದುಪಡಿಯಲ್ಲಿ ಸೇರಿಸಿದ್ದು. ವೈಜ್ಞಾನಿಕ ಮನೋಭಾವದ ಬಗ್ಗೆ ಭಾಷಣ ತುಂಬಾ ಕೇಳಿದೀವಿ, ಆದ್ರೆ ಅದರ ಪಕ್ಕದಲ್ಲೇ ಕೂತಿರೋ ಮಾನವತಾವಾದ ಅಂದ್ರೆ ಏನು ಅಂತ ಕೇಳಿದ್ರೆ ಬಹಳಷ್ಟು ಜನ "ಎಲ್ಲರನ್ನೂ ಪ್ರೀತಿಸೋದು, ಕಷ್ಟದಲ್ಲಿರೋರಿಗೆ ಸಹಾಯ ಮಾಡೋದು" ಅಂತಾರೆ. ಅದು ತಪ್ಪಲ್ಲ, ಆದ್ರೆ ಅಷ್ಟೇ ಆಗಿದ್ರೆ ಅದಕ್ಕೊಂದು ಬೇರೆ ವಿಚಾರಧಾರೆ ಯಾಕೆ ಬೇಕಿತ್ತು? ಪ್ರೀತಿ ಮಾಡಿ ಅಂತ ಎಲ್ಲಾ ಧರ್ಮಗಳೂ ಹೇಳತ್ವೆ.

ವ್ಯತ್ಯಾಸ ಇರೋದು ಲೆಕ್ಕ ಯಾರಿಗೆ ಒಪ್ಪಿಸಬೇಕು ಅನ್ನೋದ್ರಲ್ಲಿ. ನಾನು ಮಾಡಿದ್ದು ಸರಿಯಾ ತಪ್ಪಾ ಅಂತ ಯಾರಾದ್ರೂ ಕೇಳಿದಾಗ "ಶಾಸ್ತ್ರದಲ್ಲಿದೆ", "ಹಿರಿಯರು ಮಾಡ್ಕೊಂಡು ಬಂದಿದಾರೆ", "ದೇವರ ಅಪ್ಪಣೆ" ಅಂದ್ಬಿಟ್ರೆ ಮಾತು ಅಲ್ಲಿಗೆ ನಿಂತುಹೋಗತ್ತೆ, ಎದುರಿಗಿರೋನು ಬೇರೆ ದೇವರನ್ನ ನಂಬೋನಾದ್ರೆ ಅಥವಾ ಯಾವ ದೇವರನ್ನೂ ನಂಬದೋನಾದ್ರೆ ಅವನಿಗೆ ಉತ್ತರವೇ ಸಿಗಲ್ಲ. ಮಾನವತಾವಾದಿ ಹೇಳೋದು ಏನಂದ್ರೆ, ನಾನು ಮಾಡೋ ಕೆಲಸದಿಂದ ಯಾರ ಬದುಕಿಗೆ ಪೆಟ್ಟು ಬೀಳತ್ತೋ, ಯಾರ ಬದುಕು ಹಸನಾಗತ್ತೋ, ಅವರ ಮುಂದೆ ನಿಂತು ಅವರಿಗೆ ಅರ್ಥ ಆಗೋ, ಅವರು ಪರೀಕ್ಷೆ ಮಾಡಬಹುದಾದ ಕಾರಣ ಕೊಡೋಕೆ ನನಗೆ ಆಗಬೇಕು. ಆಗಲ್ಲ ಅಂದ್ರೆ ಆ ಕೆಲಸವನ್ನ ಮತ್ತೆ ಯೋಚನೆ ಮಾಡಬೇಕು. ದೇವರು ಇದಾನಾ ಇಲ್ವಾ ಅನ್ನೋ ಜಗಳ ಇದರಲ್ಲಿ ಒಂದು ಭಾಗ ಮಾತ್ರ. ನಂಬಿಕೆ ಬಿಟ್ಟು, ಜಾತಿ ಬಿಡದೆ, ಹೆಂಡತಿ ಮೇಲೆ ದಬ್ಬಾಳಿಕೆ ಬಿಡದೆ ಇರೋ ನಾಸ್ತಿಕನನ್ನ ಮಾನವತಾವಾದಿ ಅನ್ನೋಕಾಗಲ್ಲ.

ಇದಕ್ಕೊಂದು ಸಂಘಟನೆ ರೂಪ ಬಂದಿದ್ದು 1952ರಲ್ಲಿ. ಎರಡನೇ ಮಹಾಯುದ್ಧ ಮುಗಿದು ಏಳು ವರ್ಷ ಆಗಿತ್ತು, ನೆದರ್ಲೆಂಡ್ಸಿನ ಆಮ್‌ಸ್ಟರ್‌ಡಾಮಲ್ಲಿ ಬೇರೆ ಬೇರೆ ದೇಶಗಳ ಮಾನವತಾವಾದಿ (ಹ್ಯೂಮನಿಸ್ಟ್) ಸಂಘಗಳು ಸೇರಿ ಒಂದು ಅಂತಾರಾಷ್ಟ್ರೀಯ ಒಕ್ಕೂಟ ಮಾಡ್ಕೊಂಡು ಒಂದು ಘೋಷಣೆ ಹೊರಡಿಸಿದ್ರು. ಈಗ ಆ ಒಕ್ಕೂಟಕ್ಕೆ ಹ್ಯೂಮನಿಸ್ಟ್ಸ್ ಇಂಟರ್‌ನ್ಯಾಷನಲ್ ಅಂತ ಹೆಸರು. ಘೋಷಣೆಯ ಸಾರ ದೊಡ್ಡ ರಹಸ್ಯ ಏನಲ್ಲ, ನೀತಿ ಅನ್ನೋದು ಮನುಷ್ಯ ಸ್ವಭಾವದಲ್ಲೇ ಇರೋ ಸಾಮರ್ಥ್ಯ, ಲೋಕವನ್ನ ತಿಳಿಯೋಕೆ ವಿಚಾರ ಮತ್ತು ಪುರಾವೆ ಬಳಸಬೇಕು, ಪ್ರತಿಯೊಬ್ಬ ವ್ಯಕ್ತಿಗೂ ಘನತೆ ಮತ್ತು ಸ್ವಾತಂತ್ರ್ಯ ಇದೆ, ಬದುಕಿಗೆ ಅರ್ಥ ಕೊಡೋದು ನಾವೇ. ನನಗೆ ಇದರಲ್ಲಿ ಮುಖ್ಯ ಅನಿಸೋದು ಬೇರೆ ವಿಷಯ. ಈ ಘೋಷಣೆಯನ್ನ 2002ರಲ್ಲಿ ತಿದ್ದಿದ್ರು, ಮತ್ತೆ 2022ರಲ್ಲಿ ಗ್ಲಾಸ್ಗೋದಲ್ಲಿ ಸೇರಿ ಇನ್ನೊಂದು ಸಲ ಹೊಸದಾಗಿ ಬರೆದ್ರು. ತಮ್ಮ ಮೂಲ ಪಠ್ಯವನ್ನೇ ತಾವೇ ಕೂತು ತಿದ್ದೋದು, ಹಿಂದಿನವರು ಹೇಳಿದ್ದರಲ್ಲಿ ಕೊರತೆ ಇದೆ ಅಂತ ಒಪ್ಪೋದು ಇಲ್ಲಿ ಅಪಚಾರ ಅಲ್ಲ, ಅದೇ ಈ ದಾರಿಯ ನಡೆ.

ಸರಿ, ಎಲ್ಲರೂ ಮೊದಲು ಕೇಳೋ ಪ್ರಶ್ನೆಗೆ ಬರೋಣ. ಮೇಲೊಬ್ಬ ನೋಡ್ತಿದಾನೆ ಅನ್ನೋ ಭಯ ಇಲ್ಲದೆ ಇದ್ರೆ ಮನುಷ್ಯ ಯಾಕೆ ಒಳ್ಳೆಯವನಾಗಿರ್ತಾನೆ? ಇದು ಹಗುರವಾದ ಪ್ರಶ್ನೆ ಅಲ್ಲ, ಎಷ್ಟೋ ಜನ ಕಷ್ಟದಲ್ಲೂ ಪ್ರಾಮಾಣಿಕವಾಗಿ ಬದುಕಿರೋದು ಆ ನಂಬಿಕೆಯ ಬಲದಿಂದಾನೇ. ಆದ್ರೆ ಇದಕ್ಕಿಂತ ಹಳೇ ಪ್ರಶ್ನೆ ಒಂದಿದೆ, ಗ್ರೀಸಿನಲ್ಲಿ ಪ್ಲೇಟೋ ತನ್ನ ಒಂದು ಸಂವಾದದಲ್ಲಿ ಸಾಕ್ರಟೀಸನ ಬಾಯಲ್ಲಿ ಕೇಳಿಸಿದ್ದು, ಇವತ್ತಿನ ಲೆಕ್ಕಕ್ಕೆ ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ. ದೇವರಿಗೆ ಇಷ್ಟ ಅನ್ನೋ ಕಾರಣಕ್ಕೆ ಒಂದು ಕೆಲಸ ಒಳ್ಳೇದಾಗತ್ತಾ, ಅಥವಾ ಅದು ಒಳ್ಳೇದಾಗಿರೋದ್ರಿಂದ ದೇವರಿಗೆ ಇಷ್ಟ ಆಗತ್ತಾ? ಮೊದಲನೇದು ಒಪ್ಪಿದ್ರೆ ನಾಳೆ ದೇವರು ಮಗುವನ್ನ ಕೊಲ್ಲು ಅಂದ್ರೆ ಅದೂ ಒಳ್ಳೇದೇ ಆಗಬೇಕಾಗತ್ತೆ. ಎರಡನೇದು ಒಪ್ಪಿದ್ರೆ ಒಳ್ಳೇದು ಅನ್ನೋದು ದೇವರಿಗಿಂತ ಬೇರೆಯಾಗಿ, ತಾನಾಗೇ ನಿಂತಿದೆ ಅಂತಾಯ್ತು, ಹಾಗಿದ್ರೆ ನಾವು ನೇರವಾಗಿ ಅದನ್ನೇ ಹುಡುಕಬಹುದಲ್ಲ.

ಈ ವಾದ ತುಂಬಾ ಪುಸ್ತಕದ್ದು ಅನ್ನಿಸಿದ್ರೆ ನಮ್ಮ ಮನೆಗಳನ್ನೇ ನೋಡಿ. ಅಸ್ಪೃಶ್ಯತೆಗೆ ಸಮರ್ಥನೆ ಕೊಡೋ ಸಾಲುಗಳು ಹಳೇ ಧರ್ಮಶಾಸ್ತ್ರಗಳಲ್ಲಿ ಇವೆ, ದಯೆ ಕಲಿಸೋ ಸಾಲುಗಳೂ ಇವೆ. ಇವತ್ತು ದೈವಭಕ್ತರಾದ ಲಕ್ಷಾಂತರ ಕನ್ನಡಿಗರು ಮೊದಲನೇ ಥರದ ಸಾಲನ್ನ ಬಿಟ್ಟು ಎರಡನೇ ಥರದ್ದನ್ನ ಇಟ್ಕೊಂಡಿದಾರೆ, ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿದೆ ಅನ್ನೋದು ಒಂದು ಕಾರಣ, ಮನಸ್ಸಿಗೆ ಅದು ಅನ್ಯಾಯ ಅನಿಸಿದ್ದು ಇನ್ನೊಂದು. ಯಾವ ಸಾಲು ಬಿಡಬೇಕು ಯಾವುದು ಇಟ್ಕೋಬೇಕು ಅಂತ ಆರಿಸಿದ್ದು ಯಾವ ಅಳತೆಯಿಂದ? ಆ ಶಾಸ್ತ್ರದಿಂದಲೇ ಅಂತೂ ಅಲ್ಲ. ಎದುರಿಗಿರೋನೂ ನನ್ನಂಗೇ ನೋವು ಅವಮಾನ ತಿನ್ನೋ ಮನುಷ್ಯ ಅನ್ನೋ ತಿಳುವಳಿಕೆಯಿಂದ. ಅಂದ್ರೆ ನಾವು ಆಗಲೇ ಅರ್ಧ ದಾರಿ ಮಾನವತಾವಾದದ ಅಳತೆಯಲ್ಲೇ ನಡೀತಾ ಇದೀವಿ, ಹೆಸರು ಹೇಳ್ತಿಲ್ಲ ಅಷ್ಟೇ.

ಆ ಅಳತೆ ಎಲ್ಲಿಂದ ಬಂತು ಅಂದ್ರೆ ಒಂದು ಪಾಲು ಪ್ರಾಣಿಮೂಲದಿಂದಾನೇ ಬಂದಿದೆ. 2003ರಲ್ಲಿ ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ಅನ್ನೋ ವಿಜ್ಞಾನಿಗಳು ಕ್ಯಾಪುಚಿನ್ ಕೋತಿಗಳ ಮೇಲೆ ಮಾಡಿದ ಪ್ರಯೋಗವನ್ನ ಪ್ರಕಟ ಮಾಡಿದ್ರು. ಕೋತಿ ಒಂದು ಚಿಕ್ಕ ಬಿಲ್ಲೆ ವಾಪಸ್ ಕೊಟ್ರೆ ಅದಕ್ಕೆ ಸೌತೆಕಾಯಿ ತುಂಡು ಸಿಗತ್ತೆ, ಖುಷಿಯಾಗಿ ತಿನ್ನತ್ತೆ. ಆದ್ರೆ ಅದೇ ಕೆಲಸಕ್ಕೆ ಪಕ್ಕದ ಕೋತಿಗೆ ದ್ರಾಕ್ಷಿ ಸಿಗೋದು ನೋಡಿದ ಮೇಲೆ ಬಹಳಷ್ಟು ಸಲ ಇದು ಸೌತೆಕಾಯಿ ಬೇಡ ಅನ್ನತ್ತೆ, ಕೆಲವು ಸಲ ಎತ್ತಿ ಆಚೆ ಎಸೆಯತ್ತೆ. ಈ ಪ್ರಯೋಗದ ಅರ್ಥ ಏನು ಅಂತ ಆಮೇಲೆ ವಿಜ್ಞಾನಿಗಳಲ್ಲೇ ವಾದ ನಡೆದಿದೆ, ಆದ್ರೂ ಗುಂಪಾಗಿ ಬದುಕೋ ಪ್ರಾಣಿಗಳಲ್ಲಿ ನ್ಯಾಯ ಅನ್ಯಾಯದ, ಸಹಕಾರದ ಬೇರುಗಳು ಯಾವುದೇ ಗ್ರಂಥಕ್ಕಿಂತ ಹಳೇವು ಅನ್ನೋದನ್ನ ಅಲ್ಲಗಳೆಯೋದು ಕಷ್ಟ. ಆದ್ರೆ ಇಲ್ಲಿ ಹುಷಾರಾಗಿರಬೇಕು. ಅದೇ ಗುಂಪು ಬದುಕಿಂದಾನೇ "ನಮ್ಮೋರು, ಬೇರೆಯೋರು" ಅನ್ನೋ ದ್ವೇಷಾನೂ ಬಂದಿದೆ. ಕರುಣೆ ಹುಟ್ಟಿನಿಂದ ಬರತ್ತೆ, ಆದ್ರೆ ಅದರ ಕೈ ಗಿಡ್ಡ, ಮನೆಯವರಿಗೆ, ಜಾತಿಯವರಿಗೆ, ಊರವರಿಗೆ ಮಾತ್ರ ಎಟುಕತ್ತೆ. ಅದನ್ನ ಗುರುತು ಪರಿಚಯ ಇಲ್ಲದೋರ ತನಕ ಚಾಚೋಕೆ ಯೋಚನೆ ಬೇಕು, ನನಗೆ ಆಗಿದ್ರೆ ಹೇಗಿರ್ತಿತ್ತು ಅಂತ ಲೆಕ್ಕ ಹಾಕೋ ಅಭ್ಯಾಸ ಬೇಕು. ವಿಚಾರ ಅನ್ನೋದು ಈ ದಾರಿಯಲ್ಲಿ ಅಷ್ಟು ಮುಖ್ಯ ಆಗೋದು ಅದಕ್ಕೇ, ಭಾವನೆಗಳನ್ನ ಒಣಗಿಸೋಕಲ್ಲ.

ನಮ್ಮಲ್ಲಿ ಇದನ್ನ ಬದುಕಿ ತೋರಿಸಿದವರು ಅಂದ್ರೆ ನನಗೆ ಮೊದಲು ನೆನಪಾಗೋದು ಡಾ. ಎಚ್. ನರಸಿಂಹಯ್ಯ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿದವರು, 1942ರಲ್ಲಿ ಓದು ಬಿಟ್ಟು ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲಿಗೆ ಹೋದವರು, ಆಮೇಲೆ ಅಮೆರಿಕದ ಓಹಾಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ವಾಪಸ್ ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಲ್ಲೇ ಖಾದಿ ಉಟ್ಕೊಂಡು ಜೀವನ ಕಳೆದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದ್ರು, ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಅಂತ ತಲೆಮಾರುಗಳ ಹುಡುಗರಿಗೆ ಹೇಳ್ತಾ ಬಂದ್ರು. ಸಂವಿಧಾನಕ್ಕೆ ಆ ಉಪವಿಧಿ ಬಂದ ಅದೇ 1976ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ರು, ಪವಾಡಗಳನ್ನ ಮತ್ತು ಪರೀಕ್ಷೆಗೆ ಸಿಗೋ ಮೂಢನಂಬಿಕೆಗಳನ್ನ ತನಿಖೆ ಮಾಡೋಕೆ ಒಂದು ಸಮಿತಿ ಮಾಡಿದ್ರು. ಸತ್ಯಸಾಯಿ ಬಾಬಾ ಅವರಿಗೆ ಕಾಗದ ಬರೆದು, ನೀವು ಶೂನ್ಯದಿಂದ ವಸ್ತು ಸೃಷ್ಟಿಸ್ತೀರಿ ಅಂತಾರಲ್ಲ, ಅದನ್ನ ನಮ್ಮ ಮುಂದೆ, ನಿಯಂತ್ರಿತ ಪರಿಸ್ಥಿತಿಯಲ್ಲಿ ಮಾಡಿ ತೋರಿಸಿ ಅಂತ ಕೇಳಿದ್ರು. ಒಂದಲ್ಲ, ಮತ್ತೆ ಮತ್ತೆ ಬರೆದ್ರು. ಉತ್ತರ ಬರಲಿಲ್ಲ.

ದೊಡ್ಡವರನ್ನ ಹೀಗೆ ಕೇಳಬಹುದಾ ಅಂತ ಆಗ ತುಂಬಾ ಜನಕ್ಕೆ ಕೋಪ ಬಂತು. ನೀತಿ ವಿಷಯ ಇರೋದು ಅಲ್ಲೇ. ಯಾರಾದ್ರೂ ತನ್ನ ಮನೆಯಲ್ಲಿ ಕೂತು ತನ್ನ ದೇವರನ್ನ ನೆನೆದ್ರೆ ಅದನ್ನ ತನಿಖೆ ಮಾಡೋಕೆ ಯಾರಿಗೂ ಹಕ್ಕಿಲ್ಲ, ನರಸಿಂಹಯ್ಯನವರೂ ಅದನ್ನ ಮುಟ್ಟಲಿಲ್ಲ, ಸಮಿತಿಯ ಹೆಸರಲ್ಲೇ ಪರೀಕ್ಷೆಗೆ ಸಿಗೋ ಸಂಗತಿ ಅನ್ನೋ ಮಿತಿ ಹಾಕ್ಕೊಂಡಿದ್ರು. ಆದ್ರೆ ಒಬ್ಬರು ಈ ಲೋಕದಲ್ಲಿ, ಎಲ್ಲರ ಕಣ್ಣ ಮುಂದೆ, ಇಂಥದ್ದು ನಡೆಯತ್ತೆ ಅಂತ ಹೇಳಿ ಅದರ ಆಧಾರದ ಮೇಲೆ ಸಾವಿರಾರು ಜನ ತಮ್ಮ ಕಾಯಿಲೆ, ಹಣ, ಮಕ್ಕಳ ಭವಿಷ್ಯದ ತೀರ್ಮಾನ ಮಾಡ್ತಾರೆ ಅಂದ್ರೆ, ಆ ಮಾತು ನಿಜಾನಾ ಅಂತ ಕೇಳೋದು ಅವರ ಮೇಲಿನ ಕಾಳಜಿಯಿಂದಾನೇ ಬರೋ ಪ್ರಶ್ನೆ. ಸುಳ್ಳಿನಿಂದ ಪೆಟ್ಟು ತಿನ್ನೋರು ಯಾವಾಗ್ಲೂ ಬೇರೆ ದಾರಿ ಇಲ್ಲದೆ ಬಂದಿರೋ ಜನಾನೇ.

ಈಗ ಒಂದು ನಿಜವಾದ ಕಗ್ಗಂಟನ್ನ ತಗೊಂಡು ಈ ವಿಧಾನ ಹೇಗೆ ಕೆಲಸ ಮಾಡತ್ತೆ ನೋಡೋಣ, ಮಡೆಸ್ನಾನ. ದಕ್ಷಿಣ ಕನ್ನಡದ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿ ಸಮಯದಲ್ಲಿ ಬ್ರಾಹ್ಮಣರು ಊಟ ಮಾಡಿ ಎದ್ದ ಎಂಜಲೆಲೆಗಳ ಮೇಲೆ ಭಕ್ತರು ಒದ್ದೆ ಬಟ್ಟೆಯಲ್ಲಿ ಉರುಳ್ತಿದ್ರು, ಆಮೇಲೆ ಸ್ನಾನ ಮಾಡ್ತಿದ್ರು. ಚರ್ಮರೋಗ ಹೋಗತ್ತೆ, ಸರ್ಪದೋಷ ಕಳೆಯತ್ತೆ, ಮಕ್ಕಳಾಗತ್ತೆ ಅನ್ನೋ ಹರಕೆ. ಹೊರಗಿಂದ ನೋಡಿದವರಿಗೆ ತಕ್ಷಣ "ಇದು ಅಮಾನವೀಯ, ಬ್ಯಾನ್ ಮಾಡಿ" ಅನ್ಸತ್ತೆ, ನನಗೂ ಹಾಗೇ ಅನ್ಸತ್ತೆ. ಆದ್ರೆ 2011ರಲ್ಲಿ ನಿಷೇಧದ ಮಾತು ಬಂದಾಗ ವಿರೋಧ ಮಾಡಿದವರಲ್ಲಿ ಮಲೆಕುಡಿಯ ಸಮುದಾಯದವರೇ ಇದ್ರು, ಅಲ್ಲಿನ ರಥ ಕಟ್ಟೋ ಆದಿವಾಸಿಗಳು, ಇದು ನಮ್ಮ ಹರಕೆ, ನಮ್ಮ ಹಕ್ಕು, ನಿಮಗೇನು ಅಂತ. ಇನ್ನು ಕೆಲವರು ಇದರಲ್ಲಿ ಎಲ್ಲಾ ಜಾತಿಯವರೂ ಉರುಳ್ತಾರೆ, ಬ್ರಾಹ್ಮಣರೂ ಉರುಳ್ತಾರೆ, ಜಾತಿ ಎಲ್ಲಿ ಬಂತು ಅಂದ್ರು. ವ್ಯಕ್ತಿಯ ಸ್ವಾತಂತ್ರ್ಯ ದೊಡ್ಡದು ಅನ್ನೋ ಮಾನವತಾವಾದಿ ಇಲ್ಲಿ ಏನು ಹೇಳಬೇಕು?

ಮೊದಲು ನಿಜ ಯಾವುದು ಅಂತ ನೋಡಬೇಕು. ಎಂಜಲೆಲೆ ಮೇಲೆ ಹೊರಳಿದ್ರೆ ಚರ್ಮರೋಗ ವಾಸಿ ಆಗತ್ತೆ ಅನ್ನೋದು ನಂಬಿಕೆ ಮಾತ್ರ ಅಲ್ಲ, ದೇಹದ ಬಗ್ಗೆ ಮಾಡಿರೋ ಒಂದು ಹೇಳಿಕೆ, ಅದಕ್ಕೆ ಪುರಾವೆ ಇಲ್ಲ, ಬಿಳಿಮಚ್ಚೆಗೋ ಎಕ್ಸಿಮಾಗೋ ಡಾಕ್ಟರ ಹತ್ರ ಹೋಗಬೇಕಾದ ಮನುಷ್ಯ ವರ್ಷಗಟ್ಟಲೆ ಹರಕೆ ಹೊತ್ಕೊಂಡು ಕಾಯ್ತಾನೆ ಅಂದ್ರೆ ಅದು ಅವನಿಗೆ ಆಗ್ತಿರೋ ನಷ್ಟ. ಎರಡನೇದು, ಯಾರು ಉಂಡು ಎದ್ದ ಎಲೆ ಅನ್ನೋದು. ಉರುಳೋರು ಯಾರು ಬೇಕಾದ್ರೂ ಆಗಬಹುದು, ಆದ್ರೆ ಎಂಜಲು ಪವಿತ್ರ ಆಗೋದು ಒಂದೇ ಜಾತಿಯವರದ್ದು. ಒಬ್ಬ ಮಲೆಕುಡಿಯ ಉಂಡ ಎಲೆ ಮೇಲೆ ಬೇರೆಯವರು ಉರುಳೋ ಪದ್ಧತಿ ಅಲ್ಲಿ ಇರಲಿಲ್ಲ. ಈ ಒಂದು ಅಂಶ ಸಾಕು, ಎಲ್ಲರೂ ಸಮಾನವಾಗಿ ಉರುಳ್ತಾರೆ ಅನ್ನೋ ವಾದ ನಿಲ್ಲಲ್ಲ. ಮೂರನೇದು ಸ್ವಇಚ್ಛೆ, ಅದು ಎಲ್ಲಕ್ಕಿಂತ ಕಷ್ಟದ್ದು. ಮಗುವಾಗಿದ್ದಾಗಿಂದ ನಿನ್ನ ದೇಹ ಕಡಿಮೆ ಶುದ್ಧ ಅಂತ ಕೇಳ್ಕೊಂಡು ಬೆಳೆದವನು ದೊಡ್ಡವನಾಗಿ ನಾನೇ ಇಷ್ಟಪಟ್ಟು ಉರುಳ್ತೀನಿ ಅಂದಾಗ ಅದು ಎಷ್ಟು ಪಾಲು ಅವನ ಇಷ್ಟ? ಹಾಗಂತ ಅವನ ಮಾತನ್ನ ಕೇಳಿಸ್ಕೊಳ್ಳದೆ ನಿನಗೆ ಗೊತ್ತಾಗಲ್ಲ ಸುಮ್ನಿರು ಅಂತ ಹೇಳೋದು ಇನ್ನೊಂದು ಥರದ ಅವಮಾನವೇ ಆಗತ್ತೆ, ಮಡೆಸ್ನಾನ ವಿರೋಧಿ ಚಳವಳಿಯಲ್ಲಿ ಕೆಲವರು ಆ ತಪ್ಪು ಮಾಡಿದಾರೆ ಅಂತ ನನ್ನ ಅನಿಸಿಕೆ. ಆದಿವಾಸಿ ಕುಟುಂಬಗಳ ಜೊತೆ ಕೂತು ಮಾತಾಡಿದ್ದಕ್ಕಿಂತ ವೇದಿಕೆ ಮೇಲೆ ಮಾತಾಡಿದ್ದೇ ಜಾಸ್ತಿ ಆಯ್ತು.

ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯ್ತು. ಎಂಜಲೆಲೆ ಬದಲು ದೇವರ ನೈವೇದ್ಯ ಬಡಿಸಿದ ಎಲೆ ಮೇಲೆ ಉರುಳೋ ಎಡೆಸ್ನಾನ ಅನ್ನೋ ಮಧ್ಯದ ದಾರಿ ಬಂತು. ಉಡುಪಿ ಕೃಷ್ಣಮಠದಲ್ಲಿ 2018ರಲ್ಲಿ ಮಠದವರೇ ಅದನ್ನೂ ಬಿಟ್ರು. ರಾಜ್ಯದಲ್ಲಿ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ ಪಾಸಾಗಿ 2020ರ ಜನವರಿಯಿಂದ ಜಾರಿಗೆ ಬಂತು, ಮಡೆಸ್ನಾನ ಅದರಲ್ಲಿ ನಿಷೇಧ ಆಗಿದೆ. ಅದೇ ಕಾಯ್ದೆ ಪೂಜೆ, ಭಜನೆ, ಪ್ರದಕ್ಷಿಣೆ, ಯಾತ್ರೆ ಇಂಥವನ್ನ ಮುಟ್ಟಿಲ್ಲ, ಜ್ಯೋತಿಷ್ಯ ವಾಸ್ತು ಸಲಹೆಯನ್ನೂ ಬಿಟ್ಟಿದೆ. ಕೆಲವು ವಿಚಾರವಾದಿಗಳಿಗೆ ಇದು ಅರೆಬರೆ ಕಾನೂನು ಅಂತ ಸಿಟ್ಟಿದೆ, ನನಗೆ ಮಾತ್ರ ಗೆರೆ ಎಳೆದಿರೋದು ಹೆಚ್ಚುಕಡಿಮೆ ಸರಿಯಾದ ಜಾಗದಲ್ಲೇ ಅನ್ಸತ್ತೆ, ದೇಹಕ್ಕೂ ಘನತೆಗೂ ನೇರ ಪೆಟ್ಟು ಬೀಳೋ ಕಡೆ ಕಾನೂನು, ಉಳಿದಿದ್ದಕ್ಕೆ ಮಾತು ಮತ್ತು ಶಿಕ್ಷಣ. ಈ ಕಾನೂನಿಗಾಗಿ ಬೀದಿಗಿಳಿದವರಲ್ಲಿ ನಿಡುಮಾಮಿಡಿ ಮಠದ ಸ್ವಾಮೀಜಿ ಅಂಥ ಕಾವಿಧಾರಿಗಳೂ ಇದ್ರು. ಆಸ್ತಿಕ ನಾಸ್ತಿಕ ಅನ್ನೋ ಬೇಲಿ ಹಾಕ್ಕೊಂಡು ಕೂತ್ರೆ ಇಂಥ ಕೆಲಸ ಆಗ್ತಾನೇ ಇರಲಿಲ್ಲ. ಇನ್ನೊಂದು ಕಡೆ ಮಹಾರಾಷ್ಟ್ರದಲ್ಲಿ ಇಂಥದೇ ಕಾನೂನಿಗೆ ಹೋರಾಡಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದ್ರು, ನಮ್ಮ ಎಂ.ಎಂ. ಕಲಬುರ್ಗಿ ಅವರನ್ನ 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲೇ. ಕಾರಣ ಕೇಳೋದಕ್ಕೆ ಗುಂಡು ಉತ್ತರ ಆಗಬಾರದು ಅಂತ ಹೇಳೋಕೆ ಯಾವ ವಾದವೂ ಬೇಕಾಗಿಲ್ಲ.

ಆಸ್ತಿಕರ ಜೊತೆ ಕೆಲಸ ಮಾಡೋದರ ಬಗ್ಗೆ ಹೇಳುವಾಗ ಗೋರಾ ಅವರ ಕಥೆ ಬಿಡೋಕಾಗಲ್ಲ. ಆಂಧ್ರದ ಗೋಪರಾಜು ರಾಮಚಂದ್ರರಾವ್, 1940ರಲ್ಲಿ ನಾಸ್ತಿಕ ಕೇಂದ್ರ ಶುರು ಮಾಡಿದವರು, ಅದು ಆಮೇಲೆ ವಿಜಯವಾಡದಲ್ಲಿ ನೆಲೆ ನಿಲ್ತು. ಇವರಿಗೂ ಗಾಂಧೀಜಿಗೂ ಮಾತುಕತೆ ನಡೀತಿತ್ತು, ರಾಮನಾಮ ಬಿಡದ ಗಾಂಧಿ, ದೇವರೇ ಇಲ್ಲ ಅನ್ನೋ ಗೋರಾ. ಗೋರಾ ತಮ್ಮ ಮಗಳ ಮದುವೆಯನ್ನ ದಲಿತ ಯುವಕನ ಜೊತೆ ನಿಶ್ಚಯ ಮಾಡಿದಾಗ ಅದನ್ನ ಸೇವಾಗ್ರಾಮದಲ್ಲಿ ತಾವೇ ನಡೆಸಿಕೊಡೋಕೆ ಗಾಂಧಿ ಒಪ್ಪಿದ್ರು, ಅಷ್ಟೇ ಅಲ್ಲ, ಪ್ರಮಾಣದಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಹೇಳೋಕೂ ಒಪ್ಪಿದ್ರು. ಅಷ್ಟರಲ್ಲಿ ಗಾಂಧಿ ಹತ್ಯೆ ಆಯ್ತು. ಮದುವೆ 1948ರ ಮಾರ್ಚಲ್ಲಿ ಅಲ್ಲೇ ಸೇವಾಗ್ರಾಮದಲ್ಲೇ ನಡೀತು. ಗಾಂಧಿ ತಮ್ಮ ದೇವರನ್ನ ಬಿಡಲಿಲ್ಲ, ಗೋರಾ ತಮ್ಮ ನಾಸ್ತಿಕತೆ ಬಿಡಲಿಲ್ಲ, ಆ ಹುಡುಗ ಹುಡುಗಿ ಮಧ್ಯೆ ಇರೋ ಜಾತಿಗೋಡೆ ಮಾತ್ರ ಬಿತ್ತು.

ಭಾರತದಲ್ಲಿ ಈ ವಿಚಾರಕ್ಕೆ ರಾಜಕೀಯದ ಆಳ ಕೊಟ್ಟವರು ಎಂ.ಎನ್. ರಾಯ್. ಮೆಕ್ಸಿಕೋದಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲೊಬ್ಬರು, ಲೋಕದ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಮಾಸ್ಕೋದ ಕಾಮಿಂಟರ್ನ್‌ನಲ್ಲಿ ದೊಡ್ಡ ಸ್ಥಾನದಲ್ಲಿದ್ದು 1929ರಲ್ಲಿ ಉಚ್ಚಾಟನೆ ಆದವರು, ಭಾರತಕ್ಕೆ ಬಂದು ಬ್ರಿಟಿಷರ ಜೈಲಲ್ಲಿ ವರ್ಷಗಟ್ಟಲೆ ಕಳೆದವರು. ಕೊನೆಗೆ ಅವರು ಬಂದು ಮುಟ್ಟಿದ ತೀರ್ಮಾನ, ವರ್ಗ, ರಾಷ್ಟ್ರ, ಪಕ್ಷ ಇವೆಲ್ಲಾ ಇರೋದು ಮನುಷ್ಯನಿಗಾಗಿ, ಒಬ್ಬ ವ್ಯಕ್ತಿಯ ಸ್ವಾತಂತ್ರ್ಯವನ್ನ ಇವುಗಳ ಹೆಸರಲ್ಲಿ ಬಲಿ ಕೊಡೋಕೆ ಶುರು ಮಾಡಿದ್ರೆ ಅಲ್ಲಿಗೆ ದಾರಿ ತಪ್ಪಿತು ಅಂತ. 1948ರಲ್ಲಿ ತಾವೇ ಕಟ್ಟಿದ ರಾಜಕೀಯ ಪಕ್ಷವನ್ನ ವಿಸರ್ಜನೆ ಮಾಡಿ ಡೆಹ್ರಾಡೂನಿನಿಂದ ರಾಡಿಕಲ್ ಹ್ಯೂಮನಿಸಂ ಅಂತ ವಿಚಾರದ ಕೆಲಸಕ್ಕೆ ಕೂತ್ರು. ಆಮ್‌ಸ್ಟರ್‌ಡಾಮಿನ ಒಕ್ಕೂಟ ಅವರು ಅಲ್ಲಿಗೆ ಹೋಗೋಕೆ ಆಗದಿದ್ರೂ ಅವರನ್ನ ಉಪಾಧ್ಯಕ್ಷರಲ್ಲಿ ಒಬ್ಬರನ್ನಾಗಿ ಆರಿಸ್ತು. ದೇವರ ಜಾಗದಲ್ಲಿ ದೇಶವನ್ನೋ ನಾಯಕನನ್ನೋ ಕೂರಿಸೋದು ಬಿಡುಗಡೆ ಅಲ್ಲ ಅನ್ನೋದನ್ನ ರಾಯ್ ಅಷ್ಟು ಸ್ಪಷ್ಟವಾಗಿ ನೋಡಿದ್ದು ಅವರು ಅದನ್ನ ಒಳಗಿಂದ ಕಂಡಿದ್ದಕ್ಕೆ.

ಕುವೆಂಪು ಅವರ ವಿಶ್ವಮಾನವ ಸಂದೇಶ ಇದೇನಾ ಅಂತ ಕೇಳ್ತಾರೆ. ಹತ್ತಿರದ ನೆಂಟು, ಆದ್ರೆ ಅದೇ ಅಲ್ಲ. ಕುವೆಂಪು ರಾಮಕೃಷ್ಣ ಪರಮಹಂಸರ ಪರಂಪರೆಯಲ್ಲಿ ದೀಕ್ಷೆ ಪಡೆದವರು, ಅವರ ಮನುಜಮತದಲ್ಲಿ ಅಧ್ಯಾತ್ಮ ಇದೆ, ಪುರೋಹಿತಶಾಹಿ ಮತ್ತು ಜಾತಿ ಇಲ್ಲ. ಅವರು ರೂಪಿಸಿದ ಮಂತ್ರಮಾಂಗಲ್ಯ ಮದುವೆ, 1966ರಲ್ಲಿ ತಮ್ಮ ಮಗ ತೇಜಸ್ವಿಯ ಮದುವೆಯನ್ನೂ ಹಾಗೇ ಮಾಡಿಸಿದ್ದು, ಪುರೋಹಿತರಿಲ್ಲದೆ, ವರದಕ್ಷಿಣೆ ಇಲ್ಲದೆ, ಸಾಲ ಮಾಡಿ ಛತ್ರ ಹಿಡಿಯದೆ, ಪ್ರಮಾಣ ಓದಿ ಮುಗಿಸೋದು. ದೇವರ ಮಾತೇ ಬೇಡ ಅನ್ನೋರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, ಆದ್ರೆ ಮದುವೆಗೆ ಮುಂಚೆ ಎಲ್ಲರಿಗೂ ಕಾಣೋ ಹಾಗೆ ಹಾಕೋ ಅದರ ಮೂವತ್ತು ದಿನದ ನೋಟಿಸ್ ಜಾತಿ ಧರ್ಮ ಮೀರಿ ಮದುವೆ ಆಗೋ ಜೋಡಿಗಳಿಗೆ ಎಷ್ಟು ಅಪಾಯ ತರತ್ತೆ ಅನ್ನೋದು ಬೇರೆಯೇ ದೊಡ್ಡ ಕಥೆ. ಸ್ಕಾಟ್ಲೆಂಡಿನಲ್ಲಿ 2005ರಿಂದ ಹ್ಯೂಮನಿಸ್ಟ್ ವಿಧಿಯ ಮದುವೆಗೇ ಕಾನೂನು ಮಾನ್ಯತೆ ಇದೆ, ನಮ್ಮಲ್ಲಿ ಅಂಥದ್ದಿಲ್ಲ.

ಈ ದಾರಿಯ ಮೇಲೆ ಇರೋ ಟೀಕೆಗಳಲ್ಲಿ ಒಂದನ್ನ ನಾನು ತುಂಬಾ ಗಂಭೀರವಾಗಿ ತಗೋತೀನಿ. 1952ರಲ್ಲಿ ಒಕ್ಕೂಟ ಹುಟ್ಟಿದ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಜೂಲಿಯನ್ ಹಕ್ಸ್ಲಿ, ದೊಡ್ಡ ಜೀವವಿಜ್ಞಾನಿ, ಯುನೆಸ್ಕೋದ ಮೊದಲ ಮಹಾನಿರ್ದೇಶಕ, ಅವರೇ ಯೂಜೆನಿಕ್ಸ್ ಅನ್ನೋದನ್ನ, ಅಂದ್ರೆ ಯಾರು ಮಕ್ಕಳು ಹೆರಬೇಕು ಯಾರು ಹೆರಬಾರದು ಅಂತ ನಿಯಂತ್ರಿಸಿ ಮನುಷ್ಯ ತಳಿಯನ್ನ ಸುಧಾರಿಸಬೇಕು ಅನ್ನೋ ವಿಚಾರವನ್ನ ಬೆಂಬಲಿಸಿದ್ರು. ವಿಚಾರ, ವಿಜ್ಞಾನ, ಮಾನವ ಕಲ್ಯಾಣ ಎಲ್ಲಾ ಮಾತೂ ಬಾಯಲ್ಲಿದ್ದೂ ಅಷ್ಟು ಕ್ರೂರವಾದ ಜಾಗಕ್ಕೆ ಹೋಗಬಹುದು ಅನ್ನೋಕೆ ಇದು ಸಾಕ್ಷಿ. ಯಾಕೆ ಹಾಗಾಯ್ತು ಅಂದ್ರೆ ಆ ಲೆಕ್ಕ ಹಾಕುವಾಗ ಯಾರ ಮೈಮೇಲೆ ಆ ಯೋಜನೆ ನಡೆಯತ್ತೋ ಅವರನ್ನ ಯಾರೂ ಕೂರಿಸಿ ಕೇಳಲಿಲ್ಲ, ಬಡವರು, ಅಂಗವಿಕಲರು ಬರೀ ವಸ್ತುಗಳಾದ್ರು. ವಿಚಾರಕ್ಕೆ ಪ್ರತಿ ವ್ಯಕ್ತಿಯ ಘನತೆ ಅನ್ನೋ ಬೇಲಿ ಇಲ್ಲದಿದ್ರೆ ಅದು ಬಲ ಇರೋರ ಉಪಕರಣ ಆಗತ್ತೆ. ಮನುಷ್ಯ ಮನುಷ್ಯ ಅಂತ ಹೇಳಿ ಪ್ರಾಣಿಗಳನ್ನ, ಕಾಡನ್ನ ಮರೆತ್ರಿ ಅನ್ನೋ ಟೀಕೆಗೂ ಹುರುಳಿದೆ, 2022ರ ಘೋಷಣೆ ನೀತಿಯ ಬೇರು ಜೀವಿಗಳು ನೋವು ತಿನ್ನಬಲ್ಲವು, ಏಳಿಗೆ ಹೊಂದಬಲ್ಲವು ಅನ್ನೋದ್ರಲ್ಲಿದೆ ಅಂತ ಹೇಳಿರೋದು ಆ ದಿಕ್ಕಲ್ಲಿ ಒಂದು ಹೆಜ್ಜೆ. ಇನ್ನು ಇದು ಪಾಶ್ಚಾತ್ಯ ಸರಕು ಅನ್ನೋ ಮಾತಿಗೆ ಜಾಸ್ತಿ ಹೊತ್ತು ಕೊಡಬೇಕಿಲ್ಲ, ದೇವರು ಪರಲೋಕ ಒಪ್ಪದ ಚಾರ್ವಾಕರು ಇಲ್ಲೇ ಇದ್ದವರು, ಮನುಷ್ಯಜಾತಿ ಒಂದೇ ಅಂತ ಹತ್ತನೇ ಶತಮಾನದಲ್ಲಿ ಕನ್ನಡದಲ್ಲೇ ಪಂಪ ಬರೆದಿದಾನೆ.

ಬದುಕಿನ ಕೊನೆಯ ವಿಷಯಕ್ಕೆ ಬಂದಾಗ ಈ ದಾರಿ ನಿಜವಾಗ್ಲೂ ಪರೀಕ್ಷೆಗೆ ಬೀಳತ್ತೆ. ಸಾವಿನ ಆಚೆ ಇನ್ನೊಂದು ಲೋಕ ಇದೆ ಅನ್ನೋ ಸಮಾಧಾನ ಇಲ್ಲಿ ಸಿಗಲ್ಲ, ಅದನ್ನ ಮುಚ್ಚಿಡಬಾರದು. ಸಿಗೋದು ಬೇರೆ ಥರದ್ದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣುಗಳ ಕಾರ್ನಿಯಾ ಪದರಗಳನ್ನ ಬೇರೆ ಬೇರೆ ಮಾಡಿ ನಾಲ್ಕು ಜನಕ್ಕೆ ದೃಷ್ಟಿ ಕೊಟ್ರು, ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸೋಕೆ ಜನ ಸಾಲು ನಿಂತ್ರು. ಅವರ ಮನೆಯವರು ದೈವಭಕ್ತರೇ, ಆದ್ರೂ ಆ ಕ್ಷಣದಲ್ಲಿ ಮಾಡಿದ್ದು ಯಾವ ಮಾನವತಾವಾದಿಯೂ ತಲೆಬಾಗೋ ಕೆಲಸ.

ಇನ್ನೂ ಕಷ್ಟದ ಪ್ರಶ್ನೆ, ವಾಸಿ ಆಗೋ ಆಸೆಯೇ ಇಲ್ಲದಿದ್ದಾಗ ಯಂತ್ರದ ಮೇಲೆ ಉಸಿರು ಹಿಡಿದಿಡಬೇಕಾ ಅನ್ನೋದು. ಅರುಣಾ ಶಾನಭಾಗ್ ನಮ್ಮ ಹಳದೀಪುರದ ಕಡೆಯವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ರು, 1973ರಲ್ಲಿ ಅಲ್ಲೇ ಕೆಲಸದವನೊಬ್ಬ ಅತ್ಯಾಚಾರ ಮಾಡಿ ಕುತ್ತಿಗೆಗೆ ಚೈನ್ ಬಿಗಿದ, ಮೆದುಳಿಗೆ ರಕ್ತ ಹೋಗದೆ 2015ರಲ್ಲಿ ಸಾಯೋ ತನಕ, 42 ವರ್ಷ, ಹಾಸಿಗೆ ಮೇಲೇ ಇದ್ರು. ಅವರಿಗೆ ಸಾಯೋಕೆ ಬಿಡಿ ಅಂತ ಒಬ್ಬ ಪತ್ರಕರ್ತೆ ಸುಪ್ರೀಂ ಕೋರ್ಟಿಗೆ ಹೋದ್ರು, ದಶಕಗಳ ಕಾಲ ಅವರನ್ನ ನೋಡ್ಕೊಂಡ ನರ್ಸ್‌ಗಳು ಬೇಡ ಅಂದ್ರು. ಕರುಣೆ ಎರಡೂ ಕಡೆ ಇತ್ತು. 2011ರಲ್ಲಿ ಕೋರ್ಟ್ ನರ್ಸ್‌ಗಳ ಮಾತಿಗೆ ಬೆಲೆ ಕೊಡ್ತು, ಆದ್ರೆ ಕಟ್ಟುನಿಟ್ಟಿನ ಷರತ್ತಲ್ಲಿ ಚಿಕಿತ್ಸೆ ನಿಲ್ಲಿಸಬಹುದು ಅನ್ನೋ ತತ್ವ ಒಪ್ತು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯೋದೂ ಬದುಕೋ ಹಕ್ಕಿನ ಭಾಗ ಅಂತು, ಮುಂದೆ ಇಂಥ ಸ್ಥಿತಿ ಬಂದ್ರೆ ಯಾವ ಚಿಕಿತ್ಸೆ ಬೇಡ ಅಂತ ಹೇಳೋ ಮುಂಗಡ ವೈದ್ಯಕೀಯ ನಿರ್ದೇಶನವನ್ನ ಪ್ರಜ್ಞೆ ಇರುವಾಗಲೇ ಬರೆದಿಡಬಹುದು ಅಂತು, 2023ರಲ್ಲಿ ಆ ವಿಧಾನವನ್ನ ಸರಳ ಮಾಡ್ತು. ಇದನ್ನ ಜಾರಿ ಮಾಡೋಕೆ ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸ್ತು, ಈ ಹಕ್ಕಿಗಾಗಿ ವರ್ಷಗಟ್ಟಲೆ ಕಾಗದ ಬರೀತಾ ಹೋರಾಡಿದವರಲ್ಲಿ ದಾವಣಗೆರೆಯ ಒಬ್ಬ ವಯಸ್ಸಾದ ನಿವೃತ್ತ ಶಿಕ್ಷಕಿ ಇದ್ರು.

ಇಲ್ಲಿ ಮಾನವತಾವಾದಿಗಳು ವ್ಯಕ್ತಿಯ ಆಯ್ಕೆ ಪರವಾಗಿ ನಿಲ್ತಾರೆ, ನಾನೂ ನಿಲ್ತೀನಿ. ಆದ್ರೆ ಮಡೆಸ್ನಾನದಲ್ಲಿ ಕೇಳಿದ ಪ್ರಶ್ನೆಯನ್ನ ಇಲ್ಲೂ ಬಿಡಬಾರದು, ಆಯ್ಕೆ ಎಷ್ಟು ಸ್ವತಂತ್ರ? ಐಸಿಯು ಬಿಲ್ ಕಟ್ಟೋಕೆ ಜಮೀನು ಮಾರಬೇಕಾದ ಮನೆಯಲ್ಲಿ ಅಜ್ಜಿ "ನನಗೆ ಸಾಕು" ಅಂದಾಗ ಅದು ಅವಳ ಇಷ್ಟವಾ, ಮಕ್ಕಳಿಗೆ ಭಾರ ಆಗಬಾರದು ಅನ್ನೋ ಒತ್ತಡವಾ? ಅದಕ್ಕೇ ತಡೆಗಳು ಇಟ್ಟಿದಾರೆ. ತಲಾ ಮೂರು ಡಾಕ್ಟರ್‌ಗಳ ಎರಡು ಮಂಡಳಿ ಬೇರೆ ಬೇರೆಯಾಗಿ ಒಪ್ಪಬೇಕು, ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ವಿಷ ಕೊಟ್ಟೋ ಇಂಜೆಕ್ಷನ್ ಕೊಟ್ಟೋ ಸಾಯಿಸೋದು ಇದರಲ್ಲಿ ಬರಲ್ಲ, ಅದು ಅಪರಾಧವೇ. ಯಂತ್ರ ತೆಗೆದ ಮೇಲೂ ನೋವು ಕಡಿಮೆ ಮಾಡೋ ಆರೈಕೆ ನಿಲ್ಲಿಸೋ ಹಾಗಿಲ್ಲ, ಹಳ್ಳಿ ಕಡೆ ಆಸ್ಪತ್ರೆಗಳಲ್ಲಿ ಆ ಆರೈಕೆಯೇ ಸರಿಯಾಗಿ ಸಿಗಲ್ಲ ಅನ್ನೋದು ನನ್ನ ಪ್ರಕಾರ ಈಗ ಎಲ್ಲಕ್ಕಿಂತ ಮೊದಲು ಸರಿಯಾಗಬೇಕಾದ್ದು, ಯಾಕಂದ್ರೆ ನೋವಿಗೆ ಮದ್ದೇ ಸಿಗದ ಕಡೆ ಸಾವನ್ನ ಆರಿಸೋದು ಆಯ್ಕೆ ಆಗಲ್ಲ. ನಿರ್ದೇಶನ ಬರೆಯೋದು ಮಾತ್ರ ಕಷ್ಟ ಅಲ್ಲ, ಹದಿನೆಂಟು ತುಂಬಿದ, ಬುದ್ಧಿ ಸರಿ ಇರೋ ಯಾರಾದ್ರೂ ಬರೀಬಹುದು, ತನ್ನ ಪರವಾಗಿ ತೀರ್ಮಾನ ಹೇಳೋರ ಹೆಸರು ಹಾಕಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು, ಮನಸ್ಸು ಬದಲಾದ್ರೆ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು. ಹೆಸರು ಹಾಕೋ ಮುಂಚೆ ಆ ಜನರ ಹತ್ರ ಕೂತು ಬಾಯಿಬಿಟ್ಟು ಮಾತಾಡಬೇಕು, ವೆಂಟಿಲೇಟರ್ ಬೇಕಾ ಬೇಡ್ವಾ, ಎಲ್ಲಿಯ ತನಕ, ಮನೆಯಲ್ಲಿ ಸಾಯೋಕೆ ಇಷ್ಟಾನಾ ಅಂತ, ನಮ್ಮ ಮನೆಗಳಲ್ಲಿ ಇನ್ನೂ ಶುರುವೇ ಆಗದಿರೋ ಮಾತು ಅದು.